ತಾಯಿಯ ಹೆಸರಿನ ಮಂಗಲಪದ್ಯ

"ಆ ಹೆಸರು ತೆಗಿ!"

ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಮಂಗಲಮ್ಮನವರಿಗೆ ಅದರ ಪರಿವೆಯಿರಲಿಲ್ಲ. ಮೊಮ್ಮಗಳು ಅರ್ಚಿತಾಳ ಮದುವೆಗೆಂದು ಸೊಸೆ ಮಾಲತಿ ಬರೆದಿದ್ದ ಮಂಗಲಪದ್ಯಗಳ ಹಾಳೆ ಅವರ ಕೈಯಲ್ಲಿತ್ತು. ಮಾಲತಿ ಓಡಿಬಂದು ಒಲೆ ಆರಿಸಿದಳು.

"ಅತ್ತೆ, ಅವಳು ಹೆತ್ತ ತಾಯಿ ಅಲ್ದಾ..."

"ಎಂತ ತಾಯಿ? ನನ್ನ ಮಗ ಮೋಹನ ಸತ್ತು ವರ್ಷ ತುಂಬೂದ್ರೊಳಗೆ ಇನ್ನೊಬ್ಬನ ಕೈ ಹಿಡಿದು ಹೋದವಳು! ನಾನೂ ಗಂಡನ್ನ ಕಳ್ಕಂಡವಳೇ. ನಾ ಎಲ್ಲಾದ್ರೂ ಮನೆ ಬಿಟ್ಟು ಹೋದ್ನಾ? ಆ ನಾಗು ಹೆಸರು ನನ್ನ ಮನೆ ಮದುವೆಲಿ ಕೇಳೂಕೆ ಆಗೂದಿಲ್ಲ!"

ಕುಮಟಾದ ಆ ಮನೆಯಲ್ಲಿ ಮಂಗಲಮ್ಮನ ಮಾತೆಂದರೆ ಮುಗಿಯಿತು. ಮೋಹನ ಸತ್ತ ಮೇಲೆ ಅವನ ಹೆಂಡತಿ ನಾಗು, ಮಾದೇವ ಎಂಬವನನ್ನು ಮದುವೆಯಾಗಿ ಮುರ್ಡೇಶ್ವರಕ್ಕೆ ಹೊರಟ ದಿನ, "ನಮ್ಮ ಮನೆಯ ಕೂಸು ಹೊಸಿಲು ದಾಟೂದಿಲ್ಲ" ಎಂದು ಅರ್ಚಿತಾಳನ್ನು ತಾಯಿಯ ತೋಳಿನಿಂದ ಕಿತ್ತುಕೊಂಡಾಗಲೂ ಯಾರೂ ತುಟಿ ಬಿಚ್ಚಿರಲಿಲ್ಲ. ಅಂದಿನಿಂದ ಆ ಮಗುವಿಗೆ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಮಾಲತಿ. ಅವಳಿಗೆ ಮಕ್ಕಳಿಲ್ಲ. ಇಡಗುಂಜಿಯ ಗಣಪತಿಗೆ ಹೊತ್ತ ಹರಕೆಗಳಿಗೂ ಲೆಕ್ಕವಿಲ್ಲ. ಹರಕೆ ಫಲಿಸದಿದ್ದರೂ ಆ ದೇವರ ಮೇಲೆ ಪದ್ಯ ಕಟ್ಟುವುದನ್ನು ಮಾತ್ರ ಅವಳು ಬಿಡಲಿಲ್ಲ. ನೆಂಟರಿಷ್ಟರ ಮನೆಯ ಶುಭಕಾರ್ಯಕ್ಕೆ ಬೇರೆಯವರು ಸೀರೆ, ಬೆಳ್ಳಿ ಬಟ್ಟಲು ಕೊಟ್ಟರೆ ಮಾಲತಿ ದೇವರ ಹೆಸರಿನಲ್ಲೊಂದು ಪದ್ಯ ಕೊಡುವಳು. ತೊಟ್ಟಿಲಿಗೊಂದು, ಗೃಹಪ್ರವೇಶಕ್ಕೊಂದು. ಮಂಗಲಮ್ಮನವರ ಅರವತ್ತಕ್ಕೂ ಒಂದು ಬರೆದಿದ್ದಳು. ಅದನ್ನು ಮಾತ್ರ ಅತ್ತೆ ಬಂದವರಿಗೆಲ್ಲ ಹಾಡಿಸಿ ಹಾಡಿಸಿ ಕೇಳಿಸಿದ್ದರು! ತಮ್ಮ ಹೆಸರಿದ್ದ ಪದ್ಯ ಯಾರಿಗೆ ತಾನೇ ಕಹಿ?

ಮಾಲತಿಯ ಗಂಡ ದಿನಕರ ಮೆಲ್ಲಗೆ ಹತ್ತಿರ ಬಂದ. "ನಾಗು ಅತ್ತಿಗೆ ಹೆಸರಿರೂ ಜಾಗದಲ್ಲಿ ನಿಂದೇ ಹಾಕಿದ್ರೆ ಎಂತ ತಪ್ಪು? ಸಾಕಿದವಳು ನೀನು. ಊರೆಲ್ಲಾ ಕೇಳ್ಲಿ."

ಸುಳ್ಳೇಕೆ ಹೇಳಬೇಕು, ಮಾಲತಿಗೆ ಆಸೆಯಾಯಿತು! ತುಂಬಿದ ಸಭೆಯಲ್ಲಿ, ದೇವರ ಸಾಕ್ಷಿಯಾಗಿ, ಒಮ್ಮೆಯಾದರೂ ‘ತಾಯಿ ಮಾಲತಿ’ ಎಂದು ಕೇಳುವ ಆಸೆ... ಅವಳು ಉತ್ತರಿಸಲಿಲ್ಲ. ಆ ಮೌನವನ್ನೇ ಒಪ್ಪಿಗೆಯೆಂದುಕೊಂಡು ಅತ್ತೆ ಹಾಳೆಯನ್ನು ಅಚ್ಚು ಹಾಕಿಸಲು ಮಗನ ಕೈಗೆ ಕೊಟ್ಟರು.

ಆ ಸಂಜೆ ಅರ್ಚಿತಾ ಹಿತ್ತಲಿನ ಬಾವಿಕಟ್ಟೆಯ ಬಳಿ ಚಿಕ್ಕಮ್ಮನನ್ನು ಹಿಡಿದು ನಿಲ್ಲಿಸಿದಳು.

"ಚಿಕ್ಕಿ, ನಂಗೆ ನೀ ಬಂಗಾರ ಕೊಡೂದು ಬೇಡ. ಧಾರೆಗೆ ಮುಂಚೆ ನಿನ್ನ ಪದ್ಯದಲ್ಲಿ ಹೆತ್ತ ಆಯಿ ಹೆಸರು ಒಂದ್ಸಲ ಬರ್ಲಿ. ಅದೊಂದೇ ಉಡುಗೊರೆ ಸಾಕು. ಅಜ್ಜಿ ನಿನ್ನ ಮನೆಯಿಂದ ಓಡಿಸ್ತಾಳೆ ಅಂತಾದ್ರೆ... ಬೇಡ."

ಮಾಲತಿ ಅವಳ ಕಣ್ಣೊರೆಸಿದಳು. "ಆತು. ಹೆಸರು ಬರ್ತದೆ, ಹೋಗು" ಎಂದಳು.

ಹೊನ್ನಾವರದ ಕಲ್ಯಾಣಮಂಟಪ ಜನರಿಂದ ಗಿಜಿಗುಡುತ್ತಿತ್ತು. ಬಾಗಿಲಲ್ಲೇ ಎಲ್ಲರಿಗೂ ಅಕ್ಷತೆಯ ಪೊಟ್ಟಣ, ಜೊತೆಗೆ ಅಚ್ಚು ಹಾಕಿಸಿದ ಮಂಗಲಪದ್ಯದ ಹಾಳೆ. ಮಾಲತಿ ಅದನ್ನು ಬಿಡಿಸಿ ನೋಡಿದಳು. ಕೊನೆಯ ಪದ್ಯದಲ್ಲಿ ‘ಆ ನಾಗು ಹೆತ್ತಾಕೆಯಂ’ ಎಂದು ತಾನು ಬರೆದ ಕಡೆ ‘ಈ ಮಾಲ್ತಿ ಹೆತ್ತಾಕೆಯಂ’ ಎಂದು ಅಚ್ಚಾಗಿತ್ತು! ದೇವರಿಗೆ ಬರೆದ ಪದ್ಯದಲ್ಲಿ ಹಸಿ ಸುಳ್ಳು. ಹತ್ತು ಜನರಿಗೆ ಸುಳ್ಳು ಹೇಳಿ ಬದುಕಬಹುದು, ಕೈಮುಗಿದು ನಿಂತು ದೇವರಿಗೇ ಹೇಳುವುದೇ?

ತಲೆಯೆತ್ತಿದಾಗ ಭೋಜನಶಾಲೆಯ ಬಾಗಿಲ ಬದಿಯಲ್ಲಿ ನಾಗು ಕಂಡಳು. ಕರೆಯೋಲೆ ಇಲ್ಲದೆ ಬಂದವಳು, ಕೂರಲು ಧೈರ್ಯವಿಲ್ಲದೆ, ಬಡಿಸುವವರ ನಡುವೆ ಬಡಿಸುವವಳಂತೆ ನಿಂತಿದ್ದಳು. ಮಂಗಲಮ್ಮನವರೂ ನೋಡಿದರು. ಸೊಸೆಯ ಕಿವಿಯ ಬಳಿ ಬಾಗಿ, "ಅಚ್ಚಾದ ಹಾಗೇ ಹಾಡು. ಒಂದಕ್ಷರ ಆಚೀಚೆ ಆದ್ರೆ ಮತ್ತೆ ನನ್ನ ಮನೆ ಮೆಟ್ಟಿಲು ಹತ್ತಬೇಡ" ಎಂದರು.

ಅಂತರಪಟ ಹಿಡಿದರು. ಪಟದ ಈಚೆ ಅರ್ಚಿತಾ, ಆಚೆ ಮದುಮಗ. ಪದ್ಯ ಮುಗಿಯುವವರೆಗೆ ಪಟ ಸರಿಸುವಂತಿಲ್ಲ, ನಡುವೆ ಯಾರೂ ಮಾತಾಡುವಂತಿಲ್ಲ. ಪ್ರತಿ ಪದ್ಯದ ಕೊನೆಗೆ ಸಭೆಯೆಲ್ಲ ಅಕ್ಷತೆ ಹಾಕಬೇಕು. ಮಾಲತಿ ಮೈಕಿನ ಮುಂದೆ ನಿಂತು ಒಂದೊಂದೇ ಪದ್ಯ ಹಾಡಿದಳು. ಅಕ್ಷತೆ ಬಿತ್ತು. ಕೊನೆಯ ಪದ್ಯಕ್ಕೆ ಬಂದಾಗ ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು!

"ಸ್ವಾಮೀ ಶ್ರೀ ಮುರುಡೇಶ, ಕಾಯು ಮಗಳಂ, ಆ ನಾಗು ಹೆತ್ತಾಕೆಯಂ
ಕಣ್ಣೀರಿಂದೆರೆದಾಕೆ ಬೇಡೆ ಹರಸೈ, ಕುರ್ಯಾತ್ ಸದಾ ಮಂಗಲಂ..."

ಹಾಳೆ ನೋಡುತ್ತಿದ್ದ ತಲೆಗಳೆಲ್ಲ ಒಮ್ಮೆಲೇ ಮೇಲೆದ್ದವು. ಒಂದು ಕಾಳು ಅಕ್ಷತೆಯೂ ಬೀಳಲಿಲ್ಲ.

"ನಿಲ್ಸೇ!" ಮಂಗಲಮ್ಮ ಎದ್ದೇಬಿಟ್ಟರು.

"ಅಮ್ಮಾ, ಪಟ ಸರಿಯೂವರೆಗೆ ಮಾತಿಲ್ಲ" ಎಂದು ಪುರೋಹಿತರು ಕೈಯೆತ್ತಿದರು.

ಅಷ್ಟರಲ್ಲಿ ಗಂಡಿನ ಕಡೆಯ ಮುಂದಿನ ಸಾಲಿನಿಂದ ಮುದುಕಿಯೊಬ್ಬಳ ಕೈ ಮೇಲೆದ್ದಿತು. ಮದುಮಗನ ಅಜ್ಜಿ ಸೋಮಿ! "ಹೆತ್ತವಳ ಹೆಸರು ಹೇಳಿದ್ದಕ್ಕೆ ಎಂತ ನೋಡ್ತ್ರಿ? ಹಾಕಿ, ಅಕ್ಷತೆ ಹಾಕಿ!" ಎಂದು ಆಕೆ ಎರಚಿದ್ದೇ ತಡ, ಸಭೆಯೆಲ್ಲ ಎರಚಿತು. ವಾಲಗ ಮೊಳಗಿತು. ಪಟ ಸರಿದಾಗ ಅರ್ಚಿತಾ ಗಂಡನ ಮುಖ ನೋಡುವ ಮೊದಲು ಭೋಜನಶಾಲೆಯ ಬಾಗಿಲನ್ನು ನೋಡಿದಳು. ನಾಗು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಸಿದು ಕೂತಿದ್ದಳು...

ಧಾರೆ ಮುಗಿದ ಮೇಲೆ ಮಾಲತಿ ಅವಳನ್ನು ಎಬ್ಬಿಸಿ ಮಗಳ ಹತ್ತಿರ ಕರೆದೊಯ್ದಳು. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತದ್ದನ್ನು ಬರೆಯಲು ನನ್ನಿಂದಾಗದು. ಅಳು ತಗ್ಗಿದಾಗ ನಾಗು ಮಾಲತಿಯ ಕೈ ಹಿಡಿದಳು.

"ಯಾವ ಪದ್ಯದಲ್ಲೂ ನಿನ್ನ ಹೆಸರೇ ಇಲ್ಲ ಅಲ್ದೇ ಮಾಲತಿ! ಸಾಕಿದವಳು ನೀನು... ನಿಂಗೆ ಬೇಡಾಗಿತ್ತಾ?"

"ಬೇಕಿತ್ತು ಅಕ್ಕಾ!" ಎಂದಳು ಮಾಲತಿ. "ಬಾಳಾ ಬೇಕಿತ್ತು. ಆದ್ರೆ ನಿಂದನ್ನ ಅಳಿಸಿ ಬೇಡ."

ಹೊರಡುವ ಹೊತ್ತಾಯಿತು. ಮಂಗಲಮ್ಮ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಿದ್ದರು. "ಹೇಳಿದ್ದು ನೆನಪಿದೆಯಲ್ದಾ? ನನ್ನ ಮನೆ ಬಾಗಿಲು ನಿಂಗೆ ಮುಚ್ಚಿತು."

ದಿನಕರ ಮುಖ ತಗ್ಗಿಸಿದ. ಮಾಲತಿ ತಗ್ಗಿಸಲಿಲ್ಲ. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಎದ್ದು ನಿಂತಳು.

"ಆತು ಅತ್ತೆ, ಮುಚ್ಚಿಕಳಿ. ಇವತ್ತು ನಾನು ಅಕ್ಕನ ಸಂಗ್ತಿ ಮುರ್ಡೇಶ್ವರಕ್ಕೆ ಹೋಗ್ತೆ. ಆದ್ರೆ ನಾಳೆ ಮದುಮಕ್ಕಳು ನಿಮ್ಮ ಬಾಗ್ಲಿಗೆ ಬರ್ತಾರೆ. ಆರತಿ ಹಿಡಿದು ನೀವೇ ಬಾಗಿಲು ತೆಗೀಬೇಕು, ಅಲ್ದಾ? ಅವರ ಹಿಂದೆ ನಾವಿಬ್ರೂ ನಿಂತಿರ್ತೇವೆ. ಮುಖದ ಮೇಲೆ ಬಾಗಿಲು ಹಾಕೂ ಧೈರ್ಯ ಇದ್ರೆ ಆಗ ಹಾಕಿ!"

ಮಾಲತಿ ನಾಗುವಿನ ಕೈ ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಕಡೆಗೆ ನಡೆದಳು.