ಆರನೆಯ ಕೋಲು

ತಂಡದಲ್ಲಿ ಒಬ್ಬರು ಕಡಿಮೆಯಿದ್ದರು. ಮಾರಿಸ್ ಎಂಬ ಇಂಗ್ಲೆಂಡಿನ ಹಳ್ಳಿಕುಣಿತಕ್ಕೆ ಆರು ಜನ ಬೇಕು. ಬ್ರಿಸ್ಟಲ್‌ನಿಂದ ಅಮೆರಿಕಕ್ಕೆ ಪ್ರದರ್ಶನಕ್ಕೆಂದು ಬಂದವರಲ್ಲಿ ಒಬ್ಬನ ಮಂಡಿ ವಿಮಾನದಲ್ಲೇ ಊದಿಕೊಂಡಿತ್ತು. ಎಮರಿವಿಲ್‌ನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದ ಪ್ರಣೀತಾ, ಕುಣಿಯುವವರನ್ನು ಸ್ಕೆಚ್ ಮಾಡಲೆಂದು ಅಭ್ಯಾಸದ ಹಾಲಿಗೆ ಹೋದವಳು, ಆರನೆಯವಳಾದಳು.

ಅವಳನ್ನು ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸಿದವನು ಸಂಪತ್. ಉಡುಪಿಯವನು, ಬ್ರಿಸ್ಟಲ್‌ನಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ.

"ಮೈಸೂರಿನವರಾ? ಕೋಲಾಟ ಗೊತ್ತುಂಟಲ್ಲ? ಹಾಗಾದ್ರೆ ಅರ್ಧ ಕಲಿತ ಹಾಗೆ ಮಾರಾಯ್ರೆ."

"ಸ್ಕೂಲ್ ಡೇಲಿ ಆಡಿದ್ದು ಕಣ್ರೀ. ಹದಿನೈದು ವರ್ಷ ಆಯ್ತು."

"ಕೈ ಮರೆಯೂದಿಲ್ಲ."

ಒಂಬತ್ತು ಸಂಜೆ ಅಭ್ಯಾಸ ನಡೆಯಿತು. ಅವನು ಬಗ್ಗಿ ಅವಳ ಮೊಣಕಾಲ ಕೆಳಗೆ ಗೆಜ್ಜೆಪಟ್ಟಿ ಕಟ್ಟುತ್ತಿದ್ದ. ತಲೆ ಎತ್ತಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದ. ಅವಳೂ ಕಾಲು ಹಿಂದೆಗೆಯುತ್ತಿರಲಿಲ್ಲ.

"ಕೋಲು ನೋಡ್ಬೇಡಿ, ನನ್ನ ನೋಡಿ."

"ಇದು ಮಾರಿಸ್ ರೂಲಾ, ನಿಮ್ ರೂಲಾ?"

"ರೂಲು ಮಾರಿಸ್‌ನದ್ದು. ಲಾಭ ನಂದು."

ಒಂದು ವರಸೆ ಮಾತ್ರ ಅವಳಿಗೆ ಒಗ್ಗಲಿಲ್ಲ. ಕೋಲಿನ ಎರಡೂ ತುದಿ ಹಿಡಿದು ಅಡ್ಡಲಾಗಿ ಒಡ್ಡಬೇಕು. ಎದುರಿನವನು ನಡುವಿಗೆ ಬಲವಾಗಿ ಹೊಡೆಯುತ್ತಾನೆ. ಕೋಲಾಟದಲ್ಲಿ ಕೈಗೊಂದು ಕೋಲು, ಹೊಡೆತಕ್ಕೆ ಬಲಗೈ ತಾನಾಗಿ ಎದುರು ಹೋಗುತ್ತದೆ. ಪ್ರಣೀತಾಳ ಬಲಗೈ ತುದಿ ಬಿಟ್ಟು ನಡುವಿಗೆ ಜಾರುತ್ತಿತ್ತು. "ಕೈ!" ಎಂದು ಕೂಗಿ ಸಂಪತ್ ಎರಡು ಸಲ ಹೊಡೆತ ತಡೆದಿದ್ದ.

ಪ್ರದರ್ಶನ ಶನಿವಾರ ಮಧ್ಯಾಹ್ನ, ದೋಣಿಗಳು ನಿಲ್ಲುವ ಮರೀನಾದ ಹುಲ್ಲಿನ ಮೇಲೆ. ಅಕಾರ್ಡಿಯನ್ ವಾದ್ಯ ಶುರುವಾಗುವ ಮೊದಲು ಅವನೆಂದ, "ಇದು ಮುಗೀಲಿ, ಒಂದು ಮಾತು ಹೇಳ್ಲಿಕ್ಕುಂಟು."

"ಈಗ್ಲೇ ಹೇಳಿ."

"ಮುಗೀಲಿ."

ಅವಳು ಅವನನ್ನೇ ನೋಡುತ್ತ ಕುಣಿದಳು. ಆ ವರಸೆ ಬಂದಾಗ ಕೈ ಜಾರಿತು. ಅವನೂ ಕೋಲು ನೋಡುತ್ತಿರಲಿಲ್ಲ.

ಅವಳು ಕೂಗಿಕೊಂಡದ್ದನ್ನು ಕುಣಿತದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಅವಳ ಬಲಗೈಯ ತೋರುಬೆರಳು, ನಡುಬೆರಳಿನ ಗೆಣ್ಣುಗಳು ಪುಡಿಯಾಗಿದ್ದವು. ಇನ್ನು ಅವು ಪೂರ್ತಿ ಮಡಚುವುದಿಲ್ಲ ಎಂದರು ಸರ್ಜನ್. ವಾರದೊಳಗೆ ಸ್ಟುಡಿಯೋ ಕಾಂಟ್ರಾಕ್ಟ್ ನಿಲ್ಲಿಸಿತು. ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಬೇರೆ ಕೆಲಸ ಹುಡುಕಲು ಅರವತ್ತು ದಿನ.

ತಂಡದವರು ಹೊರಟರೂ ಸಂಪತ್ ಟಿಕೆಟ್ ಮುಂದೆ ಹಾಕಿ ಉಳಿದ. ಅವಳ ಅಪಾರ್ಟ್‌ಮೆಂಟಿಗೆ ಬಂದು ಅನ್ನ ಮಾಡಿದ, ಸಾರು ಕಲಸಿ ಚಮಚ ಇಟ್ಟುಕೊಟ್ಟ. ಏಳನೆಯ ದಿನ ಹೇಳಿದ.

"ನಂಗೆ ನೀವು ಬೇಕು. ಬ್ರಿಸ್ಟಲ್‌ಗೆ ಬನ್ನಿ. ಮದುವೆ ಆಗುವ."

"ಅವತ್ತು ಹೇಳ್ಬೇಕು ಅಂದಿದ್ದು ಇದೇನಾ?"

"ಇದೇ. ದೇವರಾಣೆ."

"ನನ್ನ ನೋಡಿ ಹೇಳಿ."

ಅವನು ಪ್ರಯತ್ನಿಸಿದ. ಕಣ್ಣು ಮತ್ತೆ ಬ್ಯಾಂಡೇಜಿಗೇ ಇಳಿಯಿತು.

"ನಂಗೂ ನೀವು ಬೇಕು, ಸಂಪತ್," ಎಂದಳು ಅವಳು. "ಆದ್ರೆ ನೀವು ಲೈಫ್ ಪೂರ್ತಿ ಇದನ್ನೇ ನೋಡ್ತೀರಿ. ನಾನು ಅದನ್ನ ನೋಡ್ಕೊಂಡು ಇರ್ಬೇಕು. ಆಗಲ್ಲ."

ಅವನು ಬಾಗಿಲ ಬಳಿ ಕೂತು ಶೂ ಲೇಸು ಕಟ್ಟಿಕೊಂಡ. ಈ ಸಲವೂ ತಲೆ ಎತ್ತಲು ತುಂಬ ಹೊತ್ತಾಯಿತು.

ಅವನು ಹೋದ ಮೇಲೆ ಅವಳು ಎಡಗೈಯಲ್ಲಿ ಅವನ ಮುಖ ಬರೆಯಲು ಕೂತಳು. ಬರಲಿಲ್ಲ.

ಹೋದದ್ದು ಎರಡು ಬೆರಳು, ಒಂದು ಕೆಲಸ, ಒಬ್ಬ ಮನುಷ್ಯ.