ಒಣಗದ ಬಣ್ಣಕ್ಕೆ ಗಾಜು

ಅವನು ಗಾಜಿನ ಮೇಲೆ ಮೆಲ್ಲನೆ ಉಸಿರೂದಿ, ಅಂಗಿಯ ತೋಳಿನಿಂದ ಒರೆಸಿದ.

ಅಷ್ಟೇ! ಚೌಕಟ್ಟಿನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅವಳ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಗಾಜಿನ ಹಿಂದಿದ್ದದ್ದು ಫೇಮಸ್ ಮೇಡಂ ಬಿಡಿಸಿದ ಜಲವರ್ಣ ಚಿತ್ರ. ದಿನಕ್ಕೊಂದು ಬಿಡಿಸಿ, ಬಣ್ಣ ಆರುವ ಮೊದಲೇ ಮೊಬೈಲಿನಲ್ಲಿ ಹಂಚುವ ಚೆಲುವೆ.

"ಮುಂದಿನ ಕಿಟಕೀಲೇ ಇಡ್ತೀನಿ ಮೇಡಂ."

ಮೇಡಂ ನಕ್ಕಳು. ಅಬ್ಬಾ, ಆ ನಗು!

ಬಾಗಿಲಲ್ಲಿ ನಿಂತ ಅವಳೂ ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಚಿತ್ರ ಬಿಡಿಸುತ್ತಿದ್ದಳು. ತೋರಿಸುತ್ತಿದ್ದದ್ದು ಚೌಕಟ್ಟು ಹಾಕುವ ಇವನೊಬ್ಬನಿಗೆ. ಮೊನ್ನೆ ಮೊದಲ ಸಲ ತೈಲವರ್ಣದಲ್ಲಿ ಬಿಡಿಸಿ, ಚೌಕಟ್ಟು ಹಾಕಲು ಕೊಟ್ಟಿದ್ದಳು. ಅದು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿತ್ತು. ಗಾಜಿಲ್ಲ. ಅವನ ಉಸಿರೂ ಇಲ್ಲ.

"ನಂದು...?"

"ಒಳಗೇ ಇರಲಿ ಬಿಡು, ಇನ್ನೂ ಸ್ವಲ್ಪ ದಿನ."

'ಕಿಟಕಿಗೆ ಅವಳು, ಮೂಲೆಗೆ ನಾನು!' ಅವಳು ತಿರುಗಿ ನೋಡದೆ ಹೊರಟಳು.

ಮನೆಯಲ್ಲಿ ಅಕ್ಕ ಬೇರೆ. "ಮುಚ್ಚಿಟ್ಕೊಂಡು ಕೂತ್ರೆ ಯಾರಿಗೆ ಗೊತ್ತಾಗುತ್ತೆ ಮಾರಾಯ್ತಿ? ಹಾಕೇ ಒಂದು!"

ಹಠಕ್ಕೆ ಬಿದ್ದು ಅಂದಿನ ಚಿತ್ರವನ್ನು ಮೊಬೈಲಿನಲ್ಲಿ ಹಾಕಿದಳು. ಕೆಂಪು ಹೃದಯಗಳು ಸುರಿದವು. ಅಕ್ಕ ಕುಣಿದಳು.

ಮರುದಿನ ಬೆಳಿಗ್ಗೆ ಕುಂಚ ಅದ್ದಿದಾಗ ಮೊದಲು ಬಂದ ಯೋಚನೆ... 'ಇದಕ್ಕೆ ಎಷ್ಟು ಹೃದಯ ಬರಬಹುದು?'

ಕೈ ನಿಂತೇ ಹೋಯಿತು. ಕಾಫಿ ಆರಿತು, ಹಾಳೆ ಬೆಳ್ಳಗೇ ಉಳಿಯಿತು. ತನ್ನ ಬೆಳಗನ್ನೇ ಯಾರೋ ಹೊತ್ತುಕೊಂಡು ಹೋದಂತೆ ಅಳು ಒತ್ತರಿಸಿ ಬಂತು. ಹಾಕಿದ್ದನ್ನು ಅಳಿಸಿ, ನೇರವಾಗಿ ಅಂಗಡಿಗೆ ನಡೆದಳು.

"ನನ್ನ ಚಿತ್ರ ಕೊಡು. ಗಾಜಿಗೂ ಲಾಯಕ್ಕಿಲ್ಲದ್ದು ನಿನಗ್ಯಾಕೆ?"

ಅವನು ಬೆರಗಾಗಿ ನೋಡಿದ. "ಹಸಿ ಎಣ್ಣೆ ಬಣ್ಣ ಕಣೇ ಅದು! ಗಾಜು ಒತ್ತಿದ್ರೆ ಬಣ್ಣ ಗಾಜಿಗೇ ಅಂಟ್ಕೊಂಡು ಬರುತ್ತೆ. ಕಿಟಕೀಲಿ ಧೂಳು. ಅದಕ್ಕೇ ಒಳಗೆ, ಗಾಳೀಲಿ ಇಟ್ಟಿದ್ದೀನಿ. ನಿನಗಿದು ಗೊತ್ತಿಲ್ವಾ?"

"ನನಗೆ ಗೊತ್ತು..." ಅವಳು ತಲೆ ತಗ್ಗಿಸಿದಳು. "ನನ್ನ ಹೊಟ್ಟೆಕಿಚ್ಚಿಗೆ ಗೊತ್ತಿರ್ಲಿಲ್ಲ."

ಅವನು ನಗಲಿಲ್ಲ. "ನಿನ್ನೆ ಊರಿಗೆಲ್ಲಾ ತೋರಿಸ್ದೆಯಲ್ಲ... ನಾನೂ ಉರಿದುಹೋದೆ. ಮೊದಲು ನನಗೊಬ್ಬನಿಗೇ ಕಾಣ್ತಿತ್ತು."

ಅವಳು ಸರಕ್ಕನೆ ತಲೆಯೆತ್ತಿದಳು. ಅವನಿಗೂ?!

"ನಾನು ಸ್ವಾರ್ಥಿ, ಒಪ್ಕೋತೀನಿ. ಆದ್ರೆ ನಿನ್ನ ತಡೆಯಲ್ಲ. ಒಣಗಿದ ಮೇಲೆ, ನಿನಗೆ ಮನಸ್ಸಾದಾಗ ಹೇಳು. ಇಡೀ ಕಿಟಕಿ ಖಾಲಿ ಮಾಡ್ತೀನಿ. ಮನಸ್ಸಾಗದಿದ್ರೆ ಬೇಡ. ನೀನು ಬಿಡಿಸ್ತಾ ಇದ್ರೆ ಸಾಕು, ನನಗೆ... ನೀನಿದ್ರೆ ಸಾಕು."

ಅಂಗಡಿಯ ತುಂಬ ಖಾಲಿ ಚೌಕಟ್ಟುಗಳು, ಎಲ್ಲವೂ ಅವಳನ್ನೇ ನೋಡುತ್ತಿರುವಂತೆ!

"ಒಣಗಿದ ಮೇಲೆ ಗಾಜು ಹಾಕ್ತೀಯಾ?"

"ಎಣ್ಣೆ ಬಣ್ಣಕ್ಕೆ ಗಾಜೇ ಬೇಡ."

"ಮತ್ತೆ..." ಅವಳ ಮುಖ ಕಿವಿಯವರೆಗೂ ಕೆಂಪಾಯಿತು. "ಮೇಡಂ ಚಿತ್ರಕ್ಕೆ ಉಸಿರೂದಿದೆಯಲ್ಲ, ಅದು?"

ಅವನು ಹತ್ತಿರ ಬಂದು, ಅವಳ ಹಣೆಯ ಮೇಲಿನ ಕೂದಲು ಹಾರುವಂತೆ ಮೆಲ್ಲನೆ ಊದಿದ.

"ಸಾಕಾ?"

"ಊಹೂಂ... ನಾಳೆ ಬೆಳಿಗ್ಗೆ ಬಿಡಿಸಿದ್ಮೇಲೆ ಮತ್ತೆ ಬರ್ತೀನಿ."