ಕರಡಿಗೆ ಕಳೆದ ಮನೆ

ಹಿಂದಿನ ಸಂಜೆ ಮರೆತು ಬಂದಿದ್ದ ಛತ್ರಿಯನ್ನು ತರಲೆಂದು ನಾನು ಇಂದುಬಾಯಿಯವರ ಮನೆಗೆ ಹೋಗಿ ಕುಳಿತಿದ್ದೆ. ನಿಲಂಗಾದ ಬಿಸಿಲಿಗೆ ಛತ್ರಿ ಬೇಕೇ ಬೇಕು, ಆದರೆ ನನ್ನ ಛತ್ರಿಗೆ ಅವರ ಮನೆಯ ಮೂಲೆಯೇ ಪ್ರೀತಿ. ಎದುರುಮನೆಯ ಇಂದುಬಾಯಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು. ಸುತ್ತಲ ಊರುಗಳ ಕಳವು, ಜಗಳಗಳೆಲ್ಲ ಅವರ ಬಾಗಿಲಿಗೇ ಬರುತ್ತವೆ. ಮೋಜಣಿ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತನಾದ ಈ ಬಕ್ಕಪ್ಪ, ಅಂದರೆ ನಾನು, ಅವರ ಹಿಂದೆ ಚೀಲ ಹಿಡಿದು ಓಡಾಡುವವನು.

ಚಹಾ ಇನ್ನೂ ಬಸಿಯಲ್ಲಿತ್ತು. ಕಾಸಾರಶಿರಸಿಯ ಕಾಳಿನ ವ್ಯಾಪಾರಿ ಮನ್ಮಥಪ್ಪ ಓಡುತ್ತಲೇ ಒಳಬಂದರು.

"ಬಾಯಾರ, ನನ್ನ ಹೆಂಡತಿ ಸಾಯ್ತಾಳ್ರೀ! ಶಕುಂತಲಾಂದು ಕೊರಳಾಗಿನ ಲಿಂಗದ ಬೆಳ್ಳಿ ಕರಡಗಿ ಕಳೆದದ. ನಿನ್ನೆ ಜಳಕಕ್ಕ ಹೋಗಿ ಬರೋದ್ರೊಳಗ ಮಾಯ. ಲಿಂಗ ಸಿಗೋತನ ಹನಿ ನೀರು ಮುಟ್ಟಂಗಿಲ್ಲ ಅಂತ ಕೂತಾಳ. ಅಯ್ಯನವರು ಬಂದು ಹೊಸಾದು ಕಟ್ತೀನಿ ಅಂದ್ರೂ ಒಲ್ಲೆ ಅಂತಾಳ."

"ಯಾರ ಮ್ಯಾಲ ಸಂಶಯ?"

"ಅಡಗಿ ಮಾಡೋ ಭುವನೇಶ್ವರಿ. ಬೆಳ್ಳಿ ಆಸೆ. ಸಂಜಿಗಿ ಪೋಲೀಸರಿಗೆ ಒಪ್ಪಸ್ತೀನಿ."

"ಮೊದಲೂ ಏನರ ಕಳೆದಿತ್ತೇನು?"

"ಕಳೀತಾನೇ ಇರ್ತದ್ರೀ. ಹೋದ ಬ್ಯಾಸಿಗ್ಯಾಗ ಚಾವಿ. ದುಕಾನ ಬಿಟ್ಟು ಬಂದು ಹುಡುಕಿ ಕೊಟ್ಟೆ. ಮತ್ತ ಮತ್ತ ಕಳೀತು, ನೀನೇ ಹುಡುಕ್ಕೋ ಅಂದೆ. ಆಮ್ಯಾಲ ಚಷ್ಮಾ. ಅದಕ್ಕೂ ಒಮ್ಮೊಮ್ಮೆ ಹೋದೆ, ಕಡೀಗಿ ಬಿಟ್ಟೆ. ದೀಪಾವಳಿಗೆ ಈ ಭುವನೇಶ್ವರಿ ಬಂದ್ಲು, ಸಂಕ್ರಮಣಕ್ಕ ಇದೇ ಕರಡಗಿ ಹೋತು. ಅವತ್ತು ದುಕಾನ ಮುಚ್ಚಿ ದಿನವೆಲ್ಲಾ ಹುಡುಕಿದೆ. ಗಾದಿ ಪೆಟಗ್ಯಾಗ ಸಿಕ್ತು."

"ಸಿಕ್ಕಾಗ ಹ್ಯಾಂಗಿತ್ತು?"

"ಲಿಂಗದ ಮ್ಯಾಲ ವಿಭೂತಿ ಇತ್ತು, ಹೂ ಇತ್ತು. ಬಾಡಿರಲಿಲ್ಲ."

"ಸಿಕ್ಕ ಮ್ಯಾಲ ಏನು ಮಾಡಿದ್ರಿ?"

"ಏನ್ ಮಾಡೋದು? ಇಬ್ಬರೂ ಕೂಡಿ ಉಂಡ್ವಿ."

ಕಳ್ಳಿಯನ್ನು ಹಿಡಿಯುವುದು ಬಿಟ್ಟು ಊಟದ ವಿಚಾರಣೆ ಯಾಕೆಂದು ನನಗೆ ರೇಗಿತು. ಇಂದುಬಾಯಿ ಮಾತ್ರ ಆಗಲೇ ಚಪ್ಪಲಿ ಮೆಟ್ಟಿದ್ದರು.

ಕಾಸಾರಶಿರಸಿಯಲ್ಲಿ ಮನ್ಮಥಪ್ಪನವರ ಮನೆಯ ಮುಂಭಾಗವೇ ಅಂಗಡಿ. ಅಲ್ಲಿ ಚೀಲ ಎತ್ತುವ ಹಮಾಲರ ಗದ್ದಲ. ಒಳಬಾಗಿಲು ದಾಟಿದರೆ ಒಂದು ಸದ್ದಿಲ್ಲ. ಅಂಥ ಮೌನ ನನಗೆ ಗೊತ್ತು. ಹೆಂಡತಿ ತೀರಿಹೋದಮೇಲೆ ನಾನು ಕೇಳದಿದ್ದರೂ ರೇಡಿಯೋ ಹಚ್ಚಿಟ್ಟೇ ಸ್ನಾನಕ್ಕೆ ಹೋಗುತ್ತೇನೆ.

ಭುವನೇಶ್ವರಿ ಮುಂಜಾನೆಯಿಂದ ಅಂಗಡಿಯ ಮೆಟ್ಟಿಲ ಮೇಲೆ, ಹಮಾಲರ ಕಾವಲಿನಲ್ಲಿ, ಗಂಟು ಕಟ್ಟಿಕೊಂಡು ಕುಳಿತಿದ್ದಳು. "ಉಮರ್ಗಾದಾಗಿನ ಬಾಡಗಿ ಖೋಲಿ ಬಿಟ್ಟು ಬಂದೀನ್ರೀ," ಎಂದಳು. "ಕಳ್ಳಿ ಅಂತ ಹೆಸರು ಬಂದ್ರ ಯಾರ ಒಲಿ ಮುಂದೂ ನನಗ ಜಾಗ ಇರಂಗಿಲ್ಲ."

ಹಿತ್ತಲಲ್ಲಿ ನಂದಿಬಟ್ಟಲ ಗಿಡವಿತ್ತು. ಒಂದು ತೊಟ್ಟು ಆಗಷ್ಟೇ ಮುರಿದಂತಿತ್ತು, ಹಾಲು ಇನ್ನೂ ಒಸರುತ್ತಿತ್ತು. ನಾನೂ ನೋಡಿದೆ. ಹೂ ಕಿತ್ತಿದ್ದಾರೆ ಅಂದುಕೊಂಡೆ, ಅಷ್ಟೇ.

ಇಂದುಬಾಯಿ ಹಮಾಲರನ್ನು ಹೊರಗೆ ಕಳಿಸಿ ಅಂಗಡಿಯ ಶಟರ್ ಎಳೆಸಿ, ಉಳಿದವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿದರು. ಗೋಡೆಗೊರಗಿದ್ದ ಶಕುಂತಲಾಬಾಯಿಯ ತುಟಿ ಒಣಗಿತ್ತು.

"ಕಳುವಿನ ಮೊದಲು ಏನಾತು ಅಂತ ಎಲ್ಲಾರೂ ಕೇಳ್ತಾರ," ಎಂದರು ಇಂದುಬಾಯಿ. "ಕಳುವಾದ ಮ್ಯಾಲ ಏನು ಸಿಕ್ತು ಅಂತ ನಾ ಕೇಳ್ತೀನಿ. ಯಾವ ಕೆಲಸದ ಹಿಂದ ಬೇಕಾದ್ದು ಸಿಗ್ತದೋ ಆ ಕೆಲಸ ಮತ್ತ ನಡೀತದ. ಪಂಜರದ ಇಲಿಗೂ ಹಂಗೇ, ನಮಗೂ ಹಂಗೇ. ಬೆಳ್ಳಿ ಕದ್ದಾಕಿ ಲಿಂಗಕ್ಕ ವಿಭೂತಿ ಹಚ್ಚಿ ಹೂ ಏರಸ್ತಾಳೇನು? ಚಾವಿ ಕಳದಾಗ ಭುವನೇಶ್ವರಿ ಈ ಮನ್ಯಾಗೇ ಇರಲಿಲ್ಲ. ಇವತ್ತ ಹಿತ್ತಲದಾಗ ಹೂ ಕಿತ್ತಾಗ ಆಕಿ ಹಮಾಲರ ಕಣ್ಣಮುಂದಿದ್ಲು. ಮನ್ಮಥಪ್ಪನವರ, ನೀವು ನಿಲಂಗಾಕ್ಕ ಬಂದು ನಮ್ಮ ಜೋಡಿನೇ ಇದ್ರಿ. ಹಂಗಾದ್ರ ಒಳಗಿದ್ದವರು ಯಾರು?"

ಮನ್ಮಥಪ್ಪ ಹೆಂಡತಿಯ ಕಡೆ ತಿರುಗಿದರು. ಆಕೆ ತಲೆ ಎತ್ತಲಿಲ್ಲ.

"ಬೈಬ್ಯಾಡ್ರಿ," ಎಂದರು ಇಂದುಬಾಯಿ. "ಚಾವಿ ಕಳೀತು, ನೀವು ಒಳಗ ಬಂದ್ರಿ. ಬರೋದು ಬಿಟ್ರಿ, ಚಷ್ಮಾ ಕಳೀತು. ಅದಕ್ಕೊಮ್ಮೆ ಬಂದು ಒಮ್ಮೆ ಬರದ, ಚಟ ಇನ್ನೂ ಗಟ್ಟಿ ಮಾಡಿದ್ರಿ. ಕಡೀಗಿ ಕರಡಗಿಗೆ ದುಕಾನೇ ಮುಚ್ಚಿದ್ರಿ. ಸಣ್ಣದಕ್ಕ ಓಗೊಡಲಿಲ್ಲ, ದೊಡ್ಡದಕ್ಕ ಓಡಿ ಬಂದ್ರಿ. ದೊಡ್ಡದು ಕಳೀಲಿಕ್ಕ ಕಲಿಸಿದವರು ನೀವೇ. ಹೊಸಾ ಲಿಂಗ ಯಾಕ ಒಲ್ಲೆ ಅಂದ್ರು? ತಮ್ಮದು ಹತ್ರನೇ ಇತ್ತಲ್ಲ."

ಶಕುಂತಲಾಬಾಯಿ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಗಂಡನ ಮದುವೆಯ ರುಮಾಲಿನಲ್ಲಿ ಸುತ್ತಿದ್ದ ಕರಡಿಗೆಯನ್ನು ತಂದರು. ಗಂಡನನ್ನು ನೋಡಲಿಲ್ಲ, ನೇರ ಭುವನೇಶ್ವರಿಯ ಮುಂದೆ ಕುಳಿತರು.

"ತಂಗೀ, ನಿನ್ನ ಹೆಸರು ಬಂದಾಗಲೇ ಬಾಯಿ ಬಿಡಬೇಕಿತ್ತು. ಬಿಟ್ರ ಇವರು ಮತ್ತ ದುಕಾನಕ್ಕ ಹೋಗ್ತಾರಂತ ಹೆದರಿದೆ."

"ಕರೀಬೇಕಿತ್ತಲ್ಲ ಶಕುಂತಲಾ," ಎಂದರು ಮನ್ಮಥಪ್ಪ. ಅವರ ದನಿ ಕುಸಿದಿತ್ತು.

"ಕರದಿದ್ದೆನ್ರೀ. ಬಂದೆ, ಬಂದೆ ಅಂತಿದ್ರಿ."

ಭುವನೇಶ್ವರಿಯೇ ಎದ್ದು ನೀರು ತಂದಳು. "ಮೊದಲು ಕುಡೀರಿ ಅಕ್ಕಾ," ಎಂದು ತಂಬಿಗೆ ಹಿಡಿದಳು. ಆಮೇಲೆ ಮನ್ಮಥಪ್ಪನವರಿಗೆ, "ಸಾವಕಾರ್ರ, ಕಳ್ಳಿ ಅಂದಿದ್ದು ಹಮಾಲರ ಮುಂದ. ಅಲ್ಲ ಅನ್ನೋದೂ ಅವರ ಮುಂದೇ ಆಗಲಿ," ಎಂದಳು.

ಅವರು ಶಟರ್ ಎತ್ತಿ, ಕೈಮುಗಿದು, ಎಲ್ಲರೆದುರಿಗೆ ತಪ್ಪೊಪ್ಪಿಕೊಂಡರು. ತಿರುಗಿ ಒಳಗೆ ಬಂದವರಿಗೆ ಇಂದುಬಾಯಿ, "ದಿನಾ ಮಧ್ಯಾಹ್ನ ಬಂದು ಕೂಡಿ ಉಣ್ರಿ. ಏನೂ ಕಳೀದಿದ್ರೂ ಬರ್ರಿ. ಹಂಗ ಬಂದ್ರ ಈ ಮನ್ಯಾಗ ಏನೂ ಕಳಿಯಂಗಿಲ್ಲ," ಎಂದರು.

ನಿಲಂಗಾಕ್ಕೆ ಮರಳಿದಾಗ ಸಂಜೆಯಾಗಿತ್ತು. ಇಂದುಬಾಯಿಯವರ ಮನೆಯಲ್ಲಿ ಚಹಾ ಕುಡಿದು, ಅವರ ವಾದವನ್ನೆಲ್ಲ ಇನ್ನೊಮ್ಮೆ ಬಿಡಿಸಿ ಕೇಳಿ, ಹೊರಟೆ. ಹೊಸ್ತಿಲು ದಾಟುವಾಗ ಹಿಂದಿನಿಂದ ದನಿ ಬಂತು.

"ಬಕ್ಕಪ್ಪನವರ, ಛತ್ರಿ ಒಯ್ರಿ."

ತಿರುಗಿ ನೋಡಿದೆ. ಇಂದುಬಾಯಿ ಛತ್ರಿ ಹಿಡಿದು ನಿಂತಿದ್ದರು. ಮುಖದಲ್ಲಿ ತಮಾಷೆ ಇರಲಿಲ್ಲ.

"ನಾಳಿಂದ ಇದನ್ನ ಮರೀಬ್ಯಾಡ್ರಿ. ದಿನಾ ಐದಕ್ಕ ಚಹಾ ಇಟ್ಟಿರ್ತೀನಿ. ನನಗೂ ಈ ಮನಿ ದೊಡ್ಡದಾಗ್ಯದ."

ಛತ್ರಿ ಇಸಿದುಕೊಂಡೆ. ಬಿಸಿಲು ಯಾವಾಗಲೋ ಇಳಿದಿತ್ತು. ಆದರೂ ಅದನ್ನು ಬಿಚ್ಚಿ, ಮುಖ ಯಾರಿಗೂ ಕಾಣದ ಹಾಗೆ ಹಿಡಿದುಕೊಂಡು ರಸ್ತೆ ದಾಟಿದೆ.